ಹಳೆಯ ಕಾರಿಗೆ ಇಂಧನದ ಪಂಪನ್ನು ಆರಿಸುವ ಬಗೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿಗೆ ಸೇರಿದ ಹರಿಯಬ್ಬೆ, ಮಳೆ ಕಡಮೆಯಾದ ಬಯಲುಸೀಮೆಯ ಒಂದು ಗ್ರಾಮ. ಇಂಥ ಸೀಮೆಯಲ್ಲಿ ಕೊಳವೆ ಬಾವಿಯನ್ನು ಕೊರೆಸಿದ ರೈತನು ಪಂಪನ್ನು ಕೊಳ್ಳಲು ಪೇಟೆಗೆ ಹೋದರೆ, ಅಂಗಡಿಯವನು ಮೊದಲು ಕೇಳುವ ಪ್ರಶ್ನೆಗಳು ಎರಡೇ: “ಯಜಮಾನರೆ, ಎಷ್ಟು ಅಡಿಗೆ ಇಳಿಸಬೇಕು? ಎಷ್ಟು ಇಂಚು ನೀರು ಬಿದ್ದಿದೆ?” ಮೊದಲನೆಯ ಪ್ರಶ್ನೆಗೆ ಬರುವ ಉತ್ತರದಿಂದ ಪಂಪು ಎಷ್ಟು ಒತ್ತಡವನ್ನು ಎದುರಿಸಬೇಕೆಂಬುದೂ, ಎರಡನೆಯದರಿಂದ ಅದು ಗಂಟೆಗೆ ಎಷ್ಟು ನೀರನ್ನು ಸಾಗಿಸಬೇಕೆಂಬುದೂ ಗೊತ್ತಾಗುತ್ತವೆ. ಇವೆರಡನ್ನೂ ತಿಳಿಯದೆ ಪಂಪನ್ನು ಕೊಂಡವನು ಹಣವನ್ನು ನೀರಿಲ್ಲದ ಬಾವಿಗೆ ಸುರಿದಂತೆಯೇ ಸರಿ.

ಮೋಟಾರು ಕಾರಿನ ಪೆಟ್ರೋಲಿನ ಪಂಪನ್ನು ಆರಿಸುವಲ್ಲಿಯೂ ಇವೇ ಎರಡು ಪ್ರಶ್ನೆಗಳು ಏಳುತ್ತವೆ. ಆದರೆ ಪೆಟ್ರೋಲು ನೀರಿನಂತಲ್ಲ. ಅದು ಸುಲಭವಾಗಿ ಆವಿಯಾಗುತ್ತದೆ, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಇಲ್ಲಿ ಲೆಕ್ಕ ತಪ್ಪಿದರೆ ಕಾರು ದಾರಿಯಲ್ಲಿ ನಿಲ್ಲುವುದು ಮಾತ್ರವಲ್ಲ, ಹೊತ್ತಿ ಉರಿಯಲೂಬಹುದು. ಹಳೆಯ ಕಾರುಗಳನ್ನು ಪ್ರೀತಿಯಿಂದ ದುರಸ್ತು ಮಾಡಿ ಓಡಿಸುವ ಹವ್ಯಾಸವು ನಮ್ಮ ನಾಡಿನಲ್ಲಿ ಬೆಳೆದಿದೆ. ಧರ್ಮಸ್ಥಳದಲ್ಲಿ ಅಂಥ ಕಾರುಗಳ ಸಂಗ್ರಹಾಲಯವೇ ಇದೆ. ಈ ಹವ್ಯಾಸದಲ್ಲಿ ತೊಡಗಿದ ತರುಣರು ಎಂಜಿನ್ನಿಗೂ ಬಣ್ಣಕ್ಕೂ ಕೊಡುವ ಗಮನವನ್ನು ಪಂಪಿಗೆ ಕೊಡುವುದು ಅಪರೂಪ. ಆ ಕಾರಣದಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸೋಣ.

ಪಂಪೇ ಬೇಕಿಲ್ಲದ ವಾಹನಗಳೂ ಉಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲುಗಳನ್ನು ನೋಡಿರಿ. ಅವುಗಳಲ್ಲಿ ಪೆಟ್ರೋಲಿನ ಟ್ಯಾಂಕು ಸವಾರನ ಮುಂದೆ, ಎಂಜಿನ್ನಿಗಿಂತ ಮೇಲೆ ಇರುತ್ತದೆ. ಪೆಟ್ರೋಲು ತನ್ನ ತೂಕದಿಂದಲೇ ಕೆಳಗಿಳಿದು ಕಾರ್ಬ್ಯುರೇಟರನ್ನು ಸೇರುತ್ತದೆ. ಪೆಟ್ರೋಲಿನ ಸಾಂದ್ರತೆ ಲೀಟರಿಗೆ ಸುಮಾರು 0.74 ಕಿಲೋಗ್ರಾಂ, ಟ್ಯಾಂಕು 30 ಸೆಂಟಿಮೀಟರು ಎತ್ತರದಲ್ಲಿದ್ದರೆ ದೊರೆಯುವ ಒತ್ತಡ ಕೇವಲ 0.022 ಬಾರ್. (ಒಂದು ಬಾರ್ ಎಂದರೆ ಹೆಚ್ಚು ಕಡಮೆ ಸಮುದ್ರ ಮಟ್ಟದ ವಾಯುಭಾರದಷ್ಟು.) ಕಾರ್ಬ್ಯುರೇಟರಿಗೆ ಇಷ್ಟೇ ಸಾಕು. ಅದರ ಬಟ್ಟಲಿನಲ್ಲಿ ಪೆಟ್ರೋಲು ತುಂಬಿ ನಿಂತರೆ, ಎಂಜಿನ್ನು ಒಳಕ್ಕೆ ಎಳೆದುಕೊಳ್ಳುವ ಗಾಳಿಯೇ ಅದನ್ನು ಹೀರಿ ತುಂತುರು ಮಾಡುತ್ತದೆ.

ಕಾರಿನಲ್ಲಿ ಟ್ಯಾಂಕು ಹಿಂದೆ, ಕೆಳಗೆ ಇರುವುದರಿಂದ ಒಂದು ಚಿಕ್ಕ ಪಂಪು ಬೇಕಾಯಿತು. ಅಂಬಾಸಡರ್ ಕಾರಿನ ಹಳೆಯ ಮಾದರಿಗಳಲ್ಲಿ ಇದು ಎಂಜಿನ್ನಿನ ಪಕ್ಕಕ್ಕೇ ಜೋಡಿಸಿದ ತಿದಿಯಂಥ ಸಾಧನ. ಎಂಜಿನ್ನಿನ ಕ್ಯಾಮ್ ದಂಡವು ಒಂದು ಸನ್ನೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಸನ್ನೆಯು ರಬ್ಬರು ಬಟ್ಟೆಯ ಪೊರೆಯೊಂದನ್ನು ಎಳೆದು ಬಿಡುತ್ತದೆ. ಎರಡು ಪುಟ್ಟ ಕವಾಟಗಳು ಪೆಟ್ರೋಲನ್ನು ಒಂದೇ ದಿಕ್ಕಿಗೆ ಹರಿಯಗೊಡುತ್ತವೆ. ಇಂಥ ಪಂಪಿನ ಒತ್ತಡ 0.2ರಿಂದ 0.4 ಬಾರ್ ಮಾತ್ರ.

ಇಂಜೆಕ್ಷನ್ ಪದ್ಧತಿಯ ರೀತಿಯೇ ಬೇರೆ. ಇಲ್ಲಿ ಗಾಳಿಯು ಪೆಟ್ರೋಲನ್ನು ಹೀರುವುದಿಲ್ಲ. ಇಂಜೆಕ್ಟರ್ ಎಂಬ ಸೂಕ್ಷ್ಮವಾದ ಪಿಚಕಾರಿಯು ಅದನ್ನು ಗಾಳಿಯೊಳಕ್ಕೆ ಚಿಮ್ಮುತ್ತದೆ. 1954ರಲ್ಲಿ ಮಾರಾಟಕ್ಕೆ ಬಂದ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್ ಕಾರಿನಲ್ಲಿ ಬಾಷ್ ಸಂಸ್ಥೆಯ ಯಾಂತ್ರಿಕ ಪಂಪು, ಡೀಸೆಲ್ ಪಂಪಿನ ಹತ್ತಿರದ ಬಂಧು, ಪೆಟ್ರೋಲನ್ನು ನೇರವಾಗಿ ಸಿಲಿಂಡರುಗಳಿಗೇ ಚಿಮ್ಮುತ್ತಿತ್ತು. 1967ರಲ್ಲಿ ಫೋಕ್ಸ್‌ವಾಗನ್ 1600 ಕಾರಿಗೆ ಅದೇ ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಪದ್ಧತಿ ಬಂದಿತು. ಅದೇ ವರ್ಷ ಇಂಗ್ಲೆಂಡಿನ ಟ್ರಯಂಫ್ ಟಿಆರ್5 ಕಾರು ಲೂಕಾಸ್ ಸಂಸ್ಥೆಯ ಯಾಂತ್ರಿಕ ಇಂಜೆಕ್ಷನ್ನಿನೊಡನೆ ಹೊರಬಿದ್ದಿತು. 1970ರ ದಶಕದಲ್ಲಿ ಕೆ-ಜೆಟ್ರಾನಿಕ್ ಮತ್ತು ಎಲ್-ಜೆಟ್ರಾನಿಕ್ ಪದ್ಧತಿಗಳು ಪ್ರಚಾರಕ್ಕೆ ಬಂದವು. ನಮ್ಮ ಅಂಬಾಸಡರಿಗೂ ಅದರ ಕೊನೆಯ ಕಾಲದಲ್ಲಿ 1.8 ಲೀಟರಿನ ಎಂಜಿನ್ನಿನೊಡನೆ ಇಂಜೆಕ್ಷನ್ ದೊರೆಯಿತು. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು.

ಈ ಪದ್ಧತಿಗಳೆಲ್ಲ ಒಂದೇ ಒತ್ತಡವನ್ನು ಬೇಡುವುದಿಲ್ಲವೆಂಬುದನ್ನು ಮುಖ್ಯವಾಗಿ ಗಮನಿಸಬೇಕು. ಡಿ-ಜೆಟ್ರಾನಿಕ್ಕಿಗೆ ಸುಮಾರು 2 ಬಾರ್, ಎಲ್-ಜೆಟ್ರಾನಿಕ್ಕಿಗೆ 2.5ರಿಂದ 3 ಬಾರ್. ಕೆ-ಜೆಟ್ರಾನಿಕ್ಕಿಗೆ 5 ಬಾರಿನ ಆಸುಪಾಸು. ಲೂಕಾಸ್ ಪದ್ಧತಿಗೆ ಸುಮಾರು 7 ಬಾರ್. ನೀರಿನ ಭಾಷೆಯಲ್ಲಿ ಹೇಳುವುದಾದರೆ, 3 ಬಾರ್ ಒತ್ತಡವೆಂದರೆ ಪೆಟ್ರೋಲನ್ನು 41 ಮೀಟರು, ಅಂದರೆ 135 ಅಡಿ ಎತ್ತರಕ್ಕೆ ಏರಿಸಿದಂತೆ. ಅಂಗೈ ಹಿಡಿಯುವಷ್ಟು ಚಿಕ್ಕ ಪಂಪು ಒಂದು ಸಾಧಾರಣ ಕೊಳವೆ ಬಾವಿಯ ಕೆಲಸವನ್ನು ಮಾಡಬೇಕು! ಕಾರ್ಬ್ಯುರೇಟರಿನ ಪಂಪನ್ನು ಇಂಜೆಕ್ಷನ್ ಎಂಜಿನ್ನಿಗೆ ಜೋಡಿಸಿದರೆ ಎಂಜಿನ್ನು ಏಕೆ ಉಸಿರೆತ್ತುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಒಂದು ಭ್ರಮೆ ಇರುತ್ತದೆ. ಪಂಪು ಒತ್ತಡವನ್ನು “ತಯಾರಿಸುತ್ತದೆ” ಎಂದು ಅವರು ತಿಳಿಯುತ್ತಾರೆ. ಪಂಪು ತಯಾರಿಸುವುದು ಹರಿವನ್ನು. ಆ ಹರಿವಿಗೆ ಅಡ್ಡಿಯಾದಾಗ ಒತ್ತಡವು ಹುಟ್ಟುತ್ತದೆ. ಹೊಲದ ಕೊಳವೆಯ ಬಾಯಿ ತೆರೆದಿದ್ದರೆ ನೀರು ಸದ್ದಿಲ್ಲದೆ ಸುರಿಯುತ್ತದೆ. ಗೇಟ್‌ವಾಲ್ವನ್ನು ತಿರುಗಿಸಿ ಕಿರಿದು ಮಾಡಿದರೆ ಒತ್ತಡ ಏರಿ ಕೊಳವೆಯೇ ನಡುಗುತ್ತದೆ. ಕಾರಿನಲ್ಲಿ ಈ ಗೇಟ್‌ವಾಲ್ವಿನ ಕೆಲಸವನ್ನು ಮಾಡುವುದು ಒತ್ತಡ ನಿಯಂತ್ರಕ. ಅದರೊಳಗೆ ಒಂದು ಪೊರೆ, ಒಂದು ಸುರುಳಿ ಸ್ಪ್ರಿಂಗು. ಒತ್ತಡವು ಗೊತ್ತಾದ ಮಟ್ಟವನ್ನು ಮೀರಿದೊಡನೆ ಪೊರೆಯು ಮೇಲೆದ್ದು ಹೆಚ್ಚಿನ ಪೆಟ್ರೋಲನ್ನು ಹಿಂತಿರುಗುವ ಕೊಳವೆಯ ಮೂಲಕ ಟ್ಯಾಂಕಿಗೆ ಕಳುಹಿಸಿಬಿಡುತ್ತದೆ. ಆದುದರಿಂದ ಪಂಪು ನಿಯಂತ್ರಕದ ಮಟ್ಟಕ್ಕಿಂತ ಹೆಚ್ಚಿನ ಒತ್ತಡವನ್ನು ತಾಳಬಲ್ಲದ್ದಾಗಿರಬೇಕು. ಆದರೆ ಎಂಜಿನ್ನಿಗೆ ಸಲ್ಲುವ ಒತ್ತಡವನ್ನು ನಿರ್ಧರಿಸುವುದು ನಿಯಂತ್ರಕವೇ. ಇಂಜೆಕ್ಟರಿನಿಂದ ಹೊರಬೀಳುವ ಪೆಟ್ರೋಲಿನ ಮೊತ್ತವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. 2.5 ಬಾರ್ ಇರಬೇಕಾದಲ್ಲಿ 3 ಬಾರಿನ ನಿಯಂತ್ರಕವನ್ನು ಹಾಕಿದರೆ ಒತ್ತಡ 1.2 ಪಟ್ಟಾಗುತ್ತದೆ, ಅದರ ವರ್ಗಮೂಲ 1.095. ಎಂದರೆ ನೂರಕ್ಕೆ ಒಂಬತ್ತರಿಂದ ಹತ್ತು ಪಾಲು ಹೆಚ್ಚು ಪೆಟ್ರೋಲು ಸುರಿದು ಹೊಗೆ ಕಪ್ಪಾಗುತ್ತದೆ. ಇದನ್ನು ಪಂಪಿನ ದೋಷವೆಂದು ಭಾವಿಸಿ ಪಂಪನ್ನು ಬದಲಾಯಿಸುವವರೇ ಹೆಚ್ಚು.

ಇನ್ನು ಎರಡನೆಯ ಪ್ರಶ್ನೆ: ಎಷ್ಟು ಪೆಟ್ರೋಲು ಬೇಕು? ಮೇಲೆ ಹೇಳಿದ 1.8 ಲೀಟರಿನಂಥ, ಸುಮಾರು 75 ಅಶ್ವಸಾಮರ್ಥ್ಯದ ಎಂಜಿನ್ನನ್ನೇ ತೆಗೆದುಕೊಳ್ಳೋಣ. 75 ಅಶ್ವಸಾಮರ್ಥ್ಯವೆಂದರೆ 55 ಕಿಲೋವಾಟ್. ಹಳೆಯ ಪೆಟ್ರೋಲ್ ಎಂಜಿನ್ನು ಪೂರ್ಣ ಶಕ್ತಿಯಿಂದ ದುಡಿಯುವಾಗ ಪ್ರತಿ ಕಿಲೋವಾಟಿಗೆ ಗಂಟೆಗೆ ಸುಮಾರು 300 ಗ್ರಾಂ ಇಂಧನವನ್ನು ನುಂಗುತ್ತದೆಂದು ಇಟ್ಟುಕೊಂಡರೆ, ಒಟ್ಟು 16.5 ಕಿಲೋಗ್ರಾಂ, ಅಂದರೆ ಗಂಟೆಗೆ 22 ಲೀಟರಿಗಿಂತ ತುಸು ಹೆಚ್ಚು.

ಈ ಅಂಕಿಗೆ ನಮ್ಮ ಕಾಲದ ಒಂದು ತಿದ್ದುಪಡಿ ಬೇಕು. 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ, ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟವನ್ನು ಉದ್ಘಾಟಿಸಲಾಯಿತು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 32 ಮೆಗಾಜೂಲ್ ಶಾಖ ಹುಟ್ಟುತ್ತದೆ. ಒಂದು ಲೀಟರು ಎಥನಾಲಿನಿಂದ ಹುಟ್ಟುವುದು ಸುಮಾರು 21 ಮಾತ್ರ. ಮಿಶ್ರಣದಲ್ಲಿ ಲೀಟರಿಗೆ 30 ಮೆಗಾಜೂಲಿಗಿಂತ ಸ್ವಲ್ಪ ಕಡಮೆ ದೊರೆಯುತ್ತದೆ. ಆದುದರಿಂದ ಅದೇ ಶಕ್ತಿಗೆ ನೂರಕ್ಕೆ ಏಳು ಪಾಲು ಹೆಚ್ಚು ಇಂಧನ ಬೇಕು: 24 ಲೀಟರು. ಸವೆತ, ಕೊಳೆಯಾದ ಶೋಧಕ, ಬ್ಯಾಟರಿಯ ಇಳಿತ ಇವುಗಳಿಗಾಗಿ ನೂರಕ್ಕೆ 30 ಪಾಲು ಸೇರಿಸಿದರೆ 31 ಲೀಟರು. ಮಾರುಕಟ್ಟೆಯಲ್ಲಿ ದೊರೆಯುವ ಇಂಜೆಕ್ಷನ್ ಪಂಪುಗಳು 3 ಬಾರಿನಲ್ಲಿ ಗಂಟೆಗೆ 80ರಿಂದ 120 ಲೀಟರನ್ನು ಸುಲಭವಾಗಿ ಕೊಡುತ್ತವೆ. ಪಂಪಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿ ಯಾವ ಒತ್ತಡದಲ್ಲಿ ಅಳೆದದ್ದೆಂಬುದನ್ನು ಮಾತ್ರ ಕೇಳಿ ತಿಳಿಯಬೇಕು. ಬಾಯಿ ತೆರೆದ ಕೊಳವೆಯಲ್ಲಿ ಅಳೆದ ಅಂಕಿಯಿಂದ ಏನೂ ಪ್ರಯೋಜನವಿಲ್ಲ.

“ಹಾಗಾದರೆ ಎಲ್ಲಕ್ಕಿಂತ ದೊಡ್ಡದನ್ನೇ ಕೊಂಡರೆ ಚಿಂತೆಯಿಲ್ಲವಲ್ಲ” ಎಂದು ಕೆಲವರು ಹೇಳಬಹುದು. ಈ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. 13 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುವ ಪಂಪು 78 ವಾಟ್ ವಿದ್ಯುತ್ತನ್ನು ಬಳಸುತ್ತದೆ. 3 ಬಾರ್ ಒತ್ತಡದಲ್ಲಿ ಗಂಟೆಗೆ 100 ಲೀಟರನ್ನು ನೂಕುವುದಕ್ಕೆ ಬೇಕಾದದ್ದು ಕೇವಲ 8.3 ವಾಟ್. ಮಿಕ್ಕದ್ದೆಲ್ಲ ಶಾಖ. ಆ 8.3 ವಾಟ್ ಸಹ ನಿಯಂತ್ರಕದಲ್ಲಿ ಒತ್ತಡ ಇಳಿಯುವಾಗ ಶಾಖವೇ ಆಗುತ್ತದೆ. ಟ್ಯಾಂಕಿನಲ್ಲಿ 10 ಲೀಟರು ಮಾತ್ರ ಉಳಿದಿದೆಯೆಂದು ಭಾವಿಸಿರಿ. ಅದರ ತೂಕ 7.4 ಕಿಲೋಗ್ರಾಂ, ಅದನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 15.5 ಕಿಲೋಜೂಲ್ ಸಾಕು. ಒಂದು ಗಂಟೆಯಲ್ಲಿ ಪಂಪು ಕೊಡುವ ಶಾಖ 281 ಕಿಲೋಜೂಲ್. ಹೊರಗೆ ಸೋರಿಹೋಗುವ ಶಾಖವನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ, ಪೆಟ್ರೋಲಿನ ಉಷ್ಣತೆ ಗಂಟೆಗೆ 18 ಡಿಗ್ರಿ ಏರಬೇಕಾಗುತ್ತದೆ! ಎಂಜಿನ್ನು ನಿಂತಲ್ಲೇ ಮೆಲ್ಲಗೆ ತಿರುಗುತ್ತಿರುವಾಗ ಅದು ಗಂಟೆಗೆ ಹೆಚ್ಚೆಂದರೆ ಒಂದು ಲೀಟರನ್ನು ಸುಡುತ್ತದೆ; ಉಳಿದ 99 ಲೀಟರು ಎಂಜಿನ್ನಿನ ಬಿಸಿಯನ್ನೂ ಹೊತ್ತುಕೊಂಡು ಟ್ಯಾಂಕಿಗೆ ಮರಳುತ್ತಿರುತ್ತದೆ. ಹನ್ನೆರಡು ಆಂಪಿಯರಿನ ದೊಡ್ಡ ಪಂಪಾದರೆ ಈ ಶಾಖ ಇಮ್ಮಡಿ.

ಪೆಟ್ರೋಲು ಬಿಸಿಯಾದರೆ ಏನು ಕೇಡು? ಇದಕ್ಕೆ ಉತ್ತರವನ್ನು ನಮ್ಮ ಹಳೆಯ ತೆರೆದ ಬಾವಿಗಳಲ್ಲಿ ಕಾಣಬಹುದು. ಕೊಳವೆ ಬಾವಿಗಳು ಬರುವ ಮೊದಲು ಆಯಿಲ್ ಎಂಜಿನ್ನಿನ ಪಂಪುಗಳನ್ನು ಬಾವಿಯ ದಡದ ಮೇಲಿಡದೆ, ಬಾವಿಯ ಒಳಗಡೆಯ ಕಟ್ಟೆಯ ಮೇಲೆ ಇಳಿಸಿ ಇಡುತ್ತಿದ್ದರು. ಏಕೆಂದರೆ ಪಂಪು ನೀರನ್ನು ಎಷ್ಟು ಎತ್ತರಕ್ಕೆ ಬೇಕಾದರೂ ನೂಕಬಲ್ಲದು, ಎಳೆಯಲಾರದು. ಎಳೆಯುವುದೆಂದು ನಾವು ಹೇಳುವಾಗ ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ವಾಯುಭಾರ. ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವ ಹಿರಿಯೂರಿನಂಥ ಸ್ಥಳದಲ್ಲಿ ವಾಯುಭಾರ 94 ಕಿಲೋಪಾಸ್ಕಲಿನಷ್ಟು. ಅದು ತತ್ತ್ವಶಃ 31 ಅಡಿ ನೀರನ್ನು ಎತ್ತಬಲ್ಲದು, ವ್ಯವಹಾರದಲ್ಲಿ 20 ಅಡಿ ದಾಟಿದರೆ ಕಷ್ಟ.

ಪೆಟ್ರೋಲಿನಲ್ಲಿ ಈ ಮಿತಿ ಇನ್ನೂ ಬಿಗಿ. ದ್ರವದ ಮೇಲಿನ ಒತ್ತಡವು ಅದರ ಆವಿಯ ಒತ್ತಡಕ್ಕಿಂತ ಕೆಳಗಿಳಿದರೆ ದ್ರವವು ಕುದಿಯತೊಡಗುತ್ತದೆ. 38 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 7 ಕಿಲೋಪಾಸ್ಕಲಿಗಿಂತ ಕಡಮೆ. ಪೆಟ್ರೋಲಿನದು ಸುಮಾರು 60. ಎಥನಾಲ್ ಬೆರೆತರೆ ಇನ್ನೂ ತುಸು ಹೆಚ್ಚು. 94ರಲ್ಲಿ 60 ಕಳೆದರೆ ಉಳಿಯುವುದು 34. ಉದ್ದವಾದ ಕೊಳವೆಯ ಘರ್ಷಣೆಯೂ ಕೊಳೆ ಹಿಡಿದ ಶೋಧಕವೂ ಅದನ್ನು ಬಹುಬೇಗ ತಿಂದುಹಾಕುತ್ತವೆ. ಉಷ್ಣತೆ 50 ಡಿಗ್ರಿ ದಾಟಿತೆಂದರೆ ಪೆಟ್ರೋಲಿನ ಆವಿಯ ಒತ್ತಡ ವಾಯುಭಾರವನ್ನೇ ಸಮೀಪಿಸುತ್ತದೆ. ಆಗ ಪಂಪಿನ ಬಾಯಿಗೆ ಬರುವುದು ದ್ರವವಲ್ಲ, ಗುಳ್ಳೆಗಳ ನೊರೆ. ಬೇಸಗೆಯಲ್ಲಿ ಘಾಟಿಯನ್ನು ಹತ್ತುವಾಗ ಅಂಬಾಸಡರಿನ ಚಾಲಕರು ಕಾರನ್ನು ನಿಲ್ಲಿಸಿ ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಹಾಕುತ್ತಿದ್ದುದು ಇದೇ ಕಾರಣಕ್ಕೆ. ಅವರಿಗೆ ಸೂತ್ರ ಗೊತ್ತಿರಲಿಲ್ಲ, ಪರಿಹಾರ ಗೊತ್ತಿತ್ತು. ಟ್ರಯಂಫ್ ಕಾರಿನ ಲೂಕಾಸ್ ಪಂಪಿಗೂ ಇದೇ ರೋಗ: ಗಾಜು ಒರಸುವ ಸಾಧನದ ಮೋಟಾರಿನಿಂದ ರೂಪಿಸಿದ ಆ ಪಂಪು 7 ಬಾರಿನ ದುಡಿಮೆಯಲ್ಲಿ ಬಿಸಿಯಾಗಿ ಪೆಟ್ರೋಲನ್ನು ಆವಿಗೊಳಿಸುತ್ತಿತ್ತು. ಅನೇಕ ಮಾಲೀಕರು ಅದನ್ನು ತೆಗೆದು ಬಾಷ್ ಪಂಪನ್ನು ಜೋಡಿಸಿಕೊಂಡರು.

ಇದರಿಂದ ಪಂಪನ್ನು ಇಡಬೇಕಾದ ಸ್ಥಾನವೂ ತಾನಾಗಿ ಹೊರಪಡುತ್ತದೆ: ಟ್ಯಾಂಕಿನ ಒಳಗೆ, ಇಲ್ಲವೇ ಟ್ಯಾಂಕಿಗೆ ಅಂಟಿಕೊಂಡಂತೆ ಅದರ ತಳಕ್ಕಿಂತ ಕೆಳಗೆ. ಎಂಜಿನ್ನಿನ ಬಳಿ ಎಂದಿಗೂ ಕೂಡದು. ಕಾರ್ಬ್ಯುರೇಟರಿನ ಕಾಲದ ಟ್ಯಾಂಕುಗಳಲ್ಲಿ ಇನ್ನೊಂದು ತೊಡಕುಂಟು. ಅವುಗಳೊಳಗೆ ಅಡ್ಡತಡಿಕೆಗಳಿಲ್ಲದಿರುವುದರಿಂದ, ಕಾರು ತಿರುವಿನಲ್ಲಿ ವಾಲಿದಾಗ ಪೆಟ್ರೋಲು ಒಂದು ಮೂಲೆಗೆ ಸರಿದು ಪಂಪು ಗಾಳಿಯನ್ನು ನುಂಗುತ್ತದೆ. ಕಾರ್ಬ್ಯುರೇಟರಿನ ಬಟ್ಟಲು ಆ ಒಂದೆರಡು ಕ್ಷಣಗಳನ್ನು ತಡೆದುಕೊಳ್ಳುತ್ತಿತ್ತು, ಇಂಜೆಕ್ಟರು ತಡೆದುಕೊಳ್ಳಲಾರದು. ಕಡಮೆ ನೀರಿನ ಕೊಳವೆ ಬಾವಿಯಿಂದ ನೀರನ್ನು ಮೊದಲು ತೊಟ್ಟಿಗೆ ತುಂಬಿಸಿ, ತೊಟ್ಟಿಯಿಂದ ಇನ್ನೊಂದು ಪಂಪಿನ ಮೂಲಕ ಹೊಲಕ್ಕೆ ಹಾಯಿಸುವ ಕ್ರಮವನ್ನು ಬಯಲುಸೀಮೆಯವರು ಬಲ್ಲರು. ಕಾರಿನಲ್ಲಿಯೂ ಅದೇ ಉಪಾಯ: ಒಂದು ಲೀಟರಿನಷ್ಟು ಹಿಡಿಯುವ ಪುಟ್ಟ ತೊಟ್ಟಿ, ಅದನ್ನು ತುಂಬಿಸಲು ಕಡಮೆ ಒತ್ತಡದ ಪಂಪು, ಅದರ ತಳದಿಂದ ಎಳೆಯಲು ಹೆಚ್ಚಿನ ಒತ್ತಡದ ಪಂಪು.

ಪಂಪಿನ ಒಳರಚನೆಯನ್ನು ಕುರಿತು ಎರಡು ಮಾತು. 1960ರ ದಶಕದಿಂದ ಬಳಕೆಗೆ ಬಂದ ಉರುಳೆ ಪಂಪಿನಲ್ಲಿ ಒಂದು ದುಂಡು ಕೋಣೆಯೊಳಗೆ ಕೇಂದ್ರ ತಪ್ಪಿಸಿ ಇಟ್ಟ ಬಿಲ್ಲೆಯೊಂದು ತಿರುಗುತ್ತದೆ. ಬಿಲ್ಲೆಯ ಅಂಚಿನ ಕಚ್ಚುಗಳಲ್ಲಿ ಉಕ್ಕಿನ ಉರುಳೆಗಳು ಕುಳಿತಿರುತ್ತವೆ. ತಿರುಗುವ ರಭಸಕ್ಕೆ ಅವು ಹೊರಕ್ಕೆ ಚಿಮ್ಮಿ ಕೋಣೆಯ ಗೋಡೆಗೆ ಒತ್ತಿಕೊಳ್ಳುತ್ತವೆ. ಎರಡು ಉರುಳೆಗಳ ನಡುವಣ ಜಾಗವು ಒಂದು ಕಡೆ ಹಿಗ್ಗಿ ಪೆಟ್ರೋಲನ್ನು ತುಂಬಿಕೊಂಡು, ಇನ್ನೊಂದು ಕಡೆ ಕುಗ್ಗಿ ಅದನ್ನು ಹೊರದೂಡುತ್ತದೆ. ಬಳಿಕ ಬಂದ ಟರ್ಬೈನ್ ಪಂಪಿನಲ್ಲಿ ಅಂಚಿಗೆ ಸಣ್ಣ ಅಲಗುಗಳಿರುವ ಚಕ್ರವಿರುತ್ತದೆ. ಅದರ ಸದ್ದು ಕಡಮೆ, ಆದರೆ ಎಳೆಯುವ ಬಲವೂ ಕಡಮೆ, ಆದುದರಿಂದ ಟ್ಯಾಂಕಿನೊಳಗೆ ಮುಳುಗಿಸಿಡಲು ಅದು ತಕ್ಕುದು. ಎರಡರಲ್ಲಿಯೂ ಪೆಟ್ರೋಲು ವಿದ್ಯುತ್ ಮೋಟಾರಿನ ಒಳಗಿನಿಂದಲೇ, ಕಿಡಿ ಹಾರಿಸುವ ಬ್ರಷ್ಷುಗಳನ್ನು ಸವರಿಕೊಂಡೇ ಹರಿಯುತ್ತದೆ. ಅದೇಕೆ ಹೊತ್ತಿಕೊಳ್ಳುವುದಿಲ್ಲ? ಉರಿಯಲು ಆಮ್ಲಜನಕ ಬೇಕು. ಪೆಟ್ರೋಲು ತುಂಬಿದ ಪಂಪಿನೊಳಗೆ ಅದಕ್ಕೆ ಎಡೆಯಿಲ್ಲ. ಆ ಪೆಟ್ರೋಲೇ ಮೋಟಾರಿಗೆ ತಂಪನ್ನೂ ಜಾರುವಿಕೆಯನ್ನೂ ಕೊಡುತ್ತದೆ. ಟ್ಯಾಂಕು ಬರಿದಾಗುವ ತನಕ ಓಡಿಸುವ ಅಭ್ಯಾಸ ಪಂಪಿನ ಆಯುಸ್ಸನ್ನು ಕುಗ್ಗಿಸುವುದು ಇದರಿಂದಲೇ.

ನಮ್ಮಲ್ಲಿ ಇಂಧನದ ಪಂಪೆಂದರೆ ಹಲವರಿಗೆ ಮೊದಲು ನೆನಪಾಗುವುದು ಮೈಕೋ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ಕಾರ್ಖಾನೆಯನ್ನು ನಡೆಸಿದ, 2008ರಲ್ಲಿ ಬಾಷ್ ಎಂಬ ಹೆಸರನ್ನು ತಳೆದ ಈ ಸಂಸ್ಥೆಯ ಡೀಸೆಲ್ ಇಂಜೆಕ್ಷನ್ ಪಂಪುಗಳು ಲಾರಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೇರಳವಾಗಿ ಬಳಕೆಯಾದವು. ಆದರೆ ಅದರ ಜಾತಿಯೇ ಬೇರೆ. ಡೀಸೆಲ್ ಪಂಪು ನೂರಾರು ಬಾರಿನ ಒತ್ತಡದಲ್ಲಿ ಪ್ರತಿ ಸಿಲಿಂಡರಿಗೂ ಅಳೆದು ಕೊಡುವ ಸಾಧನ. ಅದರ ನುಣುಪಾದ ಕೊಂತಗಳಿಗೆ ಎಣ್ಣೆಯ ಗುಣವುಳ್ಳ ಡೀಸೆಲ್ಲೇ ಜಾರುಕ. ಅದರಲ್ಲಿ ಪೆಟ್ರೋಲನ್ನು ಹಾಯಿಸಿದರೆ ಕೊಂತಗಳು ಒಣಗಿ ಕಚ್ಚಿಕೊಳ್ಳುತ್ತವೆ.

ಪಂಪು ಸರಿಯಾಗಿದ್ದೂ ಕೆಲಸ ಮಾಡದಿರುವುದಕ್ಕೆ ಹಳೆಯ ತಂತಿಗಳು ಬಹುಮಟ್ಟಿಗೆ ಕಾರಣ. ತುಕ್ಕು ಹಿಡಿದ ಸಂಪರ್ಕಗಳ ರೋಧ 0.4 ಓಮ್ ಇದ್ದರೂ 6 ಆಂಪಿಯರಿಗೆ 2.4 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಪಂಪಿಗೆ ಬ್ಯಾಟರಿಯಿಂದ ನೇರವಾದ ದಪ್ಪ ತಂತಿಯನ್ನೂ ರಿಲೇಯನ್ನೂ ಫ್ಯೂಸನ್ನೂ ಪ್ರತ್ಯೇಕವಾಗಿ ಕೊಡಬೇಕು. ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಕೆಲವಕ್ಕೆ ಬ್ಯಾಟರಿಯ ಧನಧ್ರುವವನ್ನು ಮೈಗೆ ಜೋಡಿಸಿರುತ್ತಾರೆ. ಅದನ್ನು ಗಮನಿಸದೆ ತಂತಿ ಕಟ್ಟಿದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಸದ್ದು ಬರುತ್ತದೆ, ಪೆಟ್ರೋಲು ಬರುವುದಿಲ್ಲ.

ಕೊನೆಯದಾಗಿ ಕೊಳವೆಗಳು. ಕಾರ್ಬ್ಯುರೇಟರಿನ ಕಾಲದ ರಬ್ಬರು ಕೊಳವೆ 3 ಬಾರನ್ನು ತಾಳಲಾರದು. ಎಥನಾಲಿನಲ್ಲಿ ಅದು ಉಬ್ಬಿ, ಬಿರಿಯುತ್ತದೆ. ಪೆಟ್ರೋಲಿನ ಆವಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಂಥದು. ಸೂಜಿಮೊನೆಯಷ್ಟು ಬಿರುಕಿನಿಂದ ಒತ್ತಡದಲ್ಲಿ ಚಿಮ್ಮಿದ ತುಂತುರು ಬಿಸಿಯಾದ ಹೊಗೆಕೊಳವೆಯ ಮೇಲೆ ಬಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಎಸ್‌ಎಇ ಜೆ30 ಆರ್9 ಎಂಬ ಗುರುತುಳ್ಳ ಇಂಜೆಕ್ಷನ್ ಕೊಳವೆಯನ್ನೂ, ಅಂಚು ಮಡಿಸಿದ ಬಿಗಿಪಟ್ಟಿಗಳನ್ನೂ ಬಳಸಬೇಕು. ಪಂಪಿನ ಹಿಂದೆ ಒರಟು ಶೋಧಕ, ಮುಂದೆ ನಯವಾದ ಶೋಧಕ ಇರಬೇಕು. ಹಳೆಯ ಟ್ಯಾಂಕಿನ ತುಕ್ಕು ಎಥನಾಲಿಗೆ ಕಳಚಿಕೊಂಡು ಬರುತ್ತದೆ. ಅಪಘಾತವಾದಾಗ ಪಂಪು ತಾನಾಗಿ ನಿಲ್ಲುವಂತೆ ಒಂದು ಆಘಾತ ಸ್ವಿಚ್ಚನ್ನು ಜೋಡಿಸುವುದು ಅವಶ್ಯ. ಯಾಂತ್ರಿಕ ಪಂಪು ಎಂಜಿನ್ನು ನಿಂತೊಡನೆ ತಾನೂ ನಿಲ್ಲುತ್ತಿತ್ತು. ವಿದ್ಯುತ್ ಪಂಪಿಗೆ ಆ ವಿವೇಕವಿಲ್ಲ, ಕೊಳವೆ ಹರಿದಿದ್ದರೂ ಅದು ಟ್ಯಾಂಕನ್ನು ಬರಿದುಮಾಡುತ್ತಲೇ ಇರುತ್ತದೆ.

ಜೋಡಣೆ ಮುಗಿದ ಮೇಲೆ ಪರೀಕ್ಷೆ ಸರಳ. ಬಯಲಿನಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ, ಎಂಜಿನ್ನು ತಣ್ಣಗಿರುವಾಗ ಹಿಂತಿರುಗುವ ಕೊಳವೆಯನ್ನು ಒಂದು ಅಳತೆಯ ಲೋಹದ ಪಾತ್ರೆಗೆ ತಿರುಗಿಸಿ ಪಂಪನ್ನು 30 ಸೆಕೆಂಡು ಓಡಿಸಿರಿ. ಗಂಟೆಗೆ 100 ಲೀಟರಿನ ಪಂಪಾದರೆ 830 ಮಿಲಿಲೀಟರಿನಷ್ಟು ಬೀಳಬೇಕು. ಅದೇ ವೇಳೆಗೆ ಒತ್ತಡಮಾಪಕವು ನಿಯಂತ್ರಕದ ಅಂಕಿಯನ್ನು ತೋರಿಸಬೇಕು. ಪಂಪನ್ನು ನಿಲ್ಲಿಸಿದ ಬಳಿಕ ಮುಳ್ಳು ಒಮ್ಮೆಗೇ ಸೊನ್ನೆಗೆ ಬಿದ್ದರೆ ಪಂಪಿನ ತಡೆಕವಾಟವೋ ನಿಯಂತ್ರಕವೋ ಇಂಜೆಕ್ಟರೋ ಸೋರುತ್ತಿದೆಯೆಂದು ಅರ್ಥ. ಆಗ ಪ್ರತಿಯೊಂದು ಜೋಡಣೆಯನ್ನೂ ಒಣ ಕಾಗದದಿಂದ ಒತ್ತಿ ನೋಡಿ, ಎಲ್ಲಿಯೂ ತೇವವಿಲ್ಲವೆಂದು ಖಚಿತವಾದ ಮೇಲೆಯೇ ಎಂಜಿನ್ನನ್ನು ಚಾಲನೆ ಮಾಡಬೇಕು.